ಕೆಂಪು ಡಬ್ಬದ ಮುಚ್ಚಳದ ಮೇಲಿನ ತಾರೀಖು

ಗೊಚುಜಾಂಗ್ ಎಂಬ ಹುದುಗಿಸಿದ ಕೆಂಪು ಮೆಣಸಿನ ಗೊಜ್ಜಿನ ಕಂಪನಿಯ ಗುಣಮಟ್ಟ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಾರ್ಖಾನೆಯ ಮೇಲೆ ಸದಾ ಹಿತವಾದ ಬಿಸಿಲು ಬೀಳಲಿ (ತಮಗೆ ಅದರ ಅಗತ್ಯವಿಲ್ಲವೆಂದು ಬಲ್ಲೆ) ಎಂದು ಹಾರೈಸುತ್ತಾ, ದಕ್ಷಿಣ ಕೊರಿಯದ ಗ್ವಾಂಗ್ಜುವಿನ ವಿದ್ಯಾರ್ಥಿನಿಲಯದಿಂದ ಮೊದಲ ವರ್ಷದ ವಿದ್ಯಾರ್ಥಿನಿಯ ನಮಸ್ಕಾರಗಳು. ತಪ್ಪಿದ್ದರೆ ಮನ್ನಿಸಿ, ತಂದೆ ಇಂಗ್ಲಿಷರು, ತಾಯಿ ಇಲ್ಲಿಯವರು, ನನ್ನನ್ನು ಬೆಳೆಸಿದ್ದು ಶಾಲೆಯ ಹಾಸ್ಟೆಲಿನ ಗಂಟೆ, ದೂರು ಬರೆಯುವ ಮೊದಲು ಈಗಲೂ ಕ್ಷಮೆ ಕೇಳಿಬಿಡುತ್ತೇನೆ.

ಮೊದಲು ತಮ್ಮ ಡಬ್ಬದ ಗುಣಗಾನ. ಗೊಚುಜಾಂಗಿಗೇ ಹೆಸರಾದ ಊರು ಸುಂಚಾಂಗಿನ ನಮ್ಮಜ್ಜಿ ಅಂಗಡಿಯ ಗೊಚುಜಾಂಗನ್ನು ಜನ್ಮದಲ್ಲಿ ಕೊಂಡವರಲ್ಲ. ಆದರೂ ಅವರ ಅಡುಗೆಮನೆಯಲ್ಲಿ ತಮ್ಮ ಕೆಂಪು ಡಬ್ಬಗಳ ಗೋಪುರವೇ ಇದೆ. ಯಾರ ಮನೆಯಲ್ಲೋ ಖಾಲಿಯಾದದ್ದು ತೊಳೆಸಿಕೊಂಡು ಬರುತ್ತದೆ, ಅಜ್ಜಿಯ ಭರಣಿಯದನ್ನು ತುಂಬಿಕೊಂಡು ಹೋಗುತ್ತದೆ.

ಕಳೆದ ಚಳಿಗಾಲದ ಕೊನೆಗೆ ಅಜ್ಜಿ ನನಗೂ ಒಂದು ಪುಟ್ಟ ಭರಣಿ ಕೊಟ್ಟರು. ಅಂಟಕ್ಕಿಯ ಗಂಜಿಗೆ ಮೆಣಸಿನ ಪುಡಿ, ಹುದುಗಿದ ಸೋಯಾ ಪುಡಿ ಕಲಸಿದ್ದು ನನ್ನದೇ ಕೈ. ಬೇಸಿಗೆ ರಜೆಯಲ್ಲಿ ಬಿಸಿಲಿಗೆ ಮುಚ್ಚಳ ತೆಗೆದದ್ದೂ, ಮೋಡ ಕಂಡೊಡನೆ ಓಡಿಹೋಗಿ ಮುಚ್ಚಿದ್ದೂ ಅದೇ ಕೈ. ದೊಡ್ಡಮ್ಮ ಮಾತ್ರ, “ಬ್ರೆಡ್ಡಿಗೆ ಬೆಣ್ಣೆ ಸವರೋ ಕೈಗೆ ಮೆಣಸು ಒಲಿಯುತ್ತೇನಮ್ಮಾ?” ಎಂದು ನಕ್ಕರು. “ಹುದುಗಲಿ ಬಿಡೇ. ಹೊಸವರ್ಷದ ಊಟಕ್ಕೆ ತರ್ತಾಳೆ. ಆಗ ನಾಲಿಗೆ ಹೇಳಲಿ, ನೀನಲ್ಲ” ಎಂದರು ಅಜ್ಜಿ. ಹೀಗೆ, ನನಗೆ ಕೈರುಚಿ ಇದೆಯೋ ಇಲ್ಲವೋ ಎಂಬ ತೀರ್ಪು ತಮ್ಮ ಡಬ್ಬವೊಂದರಲ್ಲಿ ಕುಳಿತು, ರಜೆ ಮುಗಿದಾಗ ನನ್ನೊಡನೆ ಹಾಸ್ಟೆಲಿನ ಫ್ರಿಜ್ಜಿಗೆ ಬಂತು.

ಚಳಿಗಾಲದ ರಜೆಗೆ ಮುನ್ನ ಫ್ರಿಜ್ಜಿನ ತಪಾಸಣೆ ಮಾಡಿದ ಮೇಲ್ವಿಚಾರಕಿ, ಮುಚ್ಚಳದ ಮೇಲೆ ತಾವು ಒತ್ತಿದ್ದ ತಾರೀಖು ಎಂದೋ ಮುಗಿದಿದ್ದನ್ನು ಕಂಡು, ಡಬ್ಬವನ್ನು ಕಸಕ್ಕೆ ಎಸೆದರು. ಅದು ನಾನೇ ಮಾಡಿದ್ದೆಂದು ತೊದಲಿದೆ. “ಮೇಲೇನು ಬರೆದಿದೆಯೋ ಒಳಗೂ ಅದೇ ತಾನೇ ಮಗಳೇ?” ಎಂದವರು ನನ್ನ ಮುಖ ನೋಡಿ, “ಅಬ್ಬಾ, ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲಿತಿದೀಯ!” ಎಂದರು. ಮುಚ್ಚಳ ನೋಡಿಯೇ ಒಳಗಿನದನ್ನು ಅರಿಯುವ ಈ ವಿದ್ಯೆಯನ್ನು ಲೋಕಕ್ಕೆ ಕಲಿಸಿದ ತಮಗೆ ಅಭಿನಂದನೆಗಳು.

ಆದ್ದರಿಂದ ವಿನಂತಿ: ಪ್ರತಿ ಮುಚ್ಚಳದ ಮೇಲೂ ‘ಒಳಗಿರುವುದು ಯಾರದೋ ಅಜ್ಜಿಯದಾಗಿರಬಹುದು’ ಎಂದು ಅಚ್ಚು ಹಾಕಿಸಿ. ಆಗದಿದ್ದರೆ, ಬಿಸಿಲಿರುವ ಬೆಳಗ್ಗೆಗಳಲ್ಲಿ ಒಬ್ಬ ಅಧಿಕಾರಿಯನ್ನು ನಮ್ಮಜ್ಜಿಯ ಭರಣಿಕಟ್ಟೆಗೆ ಕಳುಹಿಸಿ; ಯಾವತ್ತು ಕೆಡುವ ಅಂದಾಜಿದೆ ಎಂದು ಆ ಅಧಿಕಾರಿ ಗೊಚುಜಾಂಗನ್ನೇ ಕೇಳಿ ಬರೆದುಕೊಳ್ಳಲಿ.

ತಮಗೆ ಪಾಪ ತಟ್ಟದಿರುವುದಕ್ಕೆ ನನ್ನ ಕೋಣೆಯ ಗೆಳತಿ ಗ್ಯುರಿ ಕಾರಣ. ನಾನು ಅಳುವುದನ್ನು ನೋಡಲಾರದೆ ಅವಳು ಬೀರುವಿನಿಂದ, ನನ್ನಪ್ಪ ಕಳಿಸಿದ್ದ ಕಿತ್ತಳೆ ಜಾಮಿನ ಹಳೆಯ ಬಾಟಲಿಯೊಂದನ್ನು ಹೊರತೆಗೆದಳು. ಒಳಗೆ ನನ್ನ ಗೊಚುಜಾಂಗ್! “ಚಮಚ ಚಮಚ ಕದ್ದು ಎತ್ತಿಟ್ಟಿದ್ದೆ ಕಣೇ, ಊರಿಗೆ ಒಯ್ಯೋಣ ಅಂತ. ಕಳ್ಳಿ ಅಂತ ಬೈಕೋ. ಆದ್ರೆ ಪೂರ್ತಿ ವಾಪಸ್ ಕೇಳ್ಬೇಡ ಕಣೇ!”

ಪೂರ್ತಿ ಕೇಳಿದೆ. ಹೊಸವರ್ಷದ ಊಟಕ್ಕೆ ಆ ಬಾಟಲಿಯನ್ನೇ ಇಟ್ಟೆ. “ನೋಡ್ರೇ, ಜಾಮ್ ತಂದಿದಾಳೆ!” ಎಂದು ದೊಡ್ಡಮ್ಮ ನಕ್ಕರು. ಅಜ್ಜಿ ಬೆರಳದ್ದಿ ನೆಕ್ಕಿದರು, ಇನ್ನೊಮ್ಮೆ ಅದ್ದಿದರು. ದೊಡ್ಡಮ್ಮ ಚಮಚ ಚಾಚಿದಾಗ ಅಜ್ಜಿ ಬಾಟಲಿಯನ್ನು ತಮ್ಮ ಬಟ್ಟಲಿನ ಪಕ್ಕಕ್ಕೆ ಎಳೆದುಕೊಂಡು, “ನಿಂಗ್ಯಾಕೆ? ಜಾಮ್ ಅಲ್ವಾ!” ಎಂದರು.

ತಮ್ಮ ವಿಶ್ವಾಸಿ, ತಾರೀಖು ಒತ್ತಿಸಿಕೊಳ್ಳದ
ಬೋರಿಮ್ ಫ್ಲೆಚರ್

ತಾ.ಕ.: ತಮ್ಮ ಡಬ್ಬದ ಮುಚ್ಚಳ ಬಹಳ ಭದ್ರ ಎಂದು ಅಜ್ಜಿ ಮೆಚ್ಚಿದ್ದಾರೆ. ಖಾಲಿಯಾಗಿಯೇ ಮಾರಿದರೆ ಇನ್ನೂ ಒಳ್ಳೆಯದಂತೆ. ತೊಳೆಯುವ ಶ್ರಮ ಉಳಿಯುತ್ತದೆ.