ವಿಲ್ಯೊನ ಬಂದೂಕಿಗೆ ದುರ್ಬೀನು

ಆ ಶನಿವಾರ ಬೆಳಿಗ್ಗೆ ವಿಲ್ಯೊನ ಬಂದೂಕಿನ ತುದಿಯಲ್ಲಿದ್ದ ಗುರಿಮೊಳೆ ಒಂದು ಹೋಗಿ ಎರಡಾಯಿತು. ಕಣ್ಣುಜ್ಜಿಕೊಂಡು ನೋಡಿದ. ಮೂರಾಯಿತು.

ಹಿತ್ತಲಿನ ಬರ್ಚ್ ಮರದ ಕಡೆ ಖಾಲಿ ಬಂದೂಕು ಹಿಡಿದು ಕೂತಿದ್ದವನು ಅದನ್ನು ಕೆಳಗಿಳಿಸಿದ. ಅಂದು ಸಂಜೆಯೇ ಮೂಸ್ ಬೇಟೆಗಾರರ ಗುರಿಪರೀಕ್ಷೆ, ಈ ವರ್ಷದ ಕೊನೆಯದು. ಹಲಗೆಯಲ್ಲಿ ಕೊಯ್ದ ಕುದುರೆಯೆತ್ತರದ ಕಾಡುಜಿಂಕೆ ಮೂಸು, ಅದರ ಎದೆಯ ಮೇಲೆ ಬಾಣಲೆಯಗಲದ ಒಂದು ವೃತ್ತ. ನಾಲ್ಕು ಗುಂಡೂ ಅದರೊಳಗೆ ಬೀಳಬೇಕು. ಬೀಳದಿದ್ದರೆ ಈ ಸಲ ಬೇಟೆಯಿಲ್ಲ. ಬೇಟೆ ಹಾಳಾಗಲಿ ಎನ್ನಬಹುದಿತ್ತು. ಆದರೆ ಬುಗ್ಗೆ ಹೊಂಚು ಕೈತಪ್ಪುತ್ತದಲ್ಲ!

ಬುಗ್ಗೆ ಹೊಂಚು ಅಂದರೆ ಕಾಡಿನೊಳಗೆ ನೀರಬುಗ್ಗೆಯ ಪಕ್ಕ ಹೊಂಚು ಕೂರುವ ಜಾಗ. ಸುತ್ತ ದಟ್ಟವಾದ ಮರಗಳು, ಗಾಳಿ ಸುಳಿಯುವುದಿಲ್ಲ, ಬೆನ್ನಿಗೆ ಒರಗಲು ಬಿದ್ದ ಮರವೊಂದಿದೆ. ನಾಯಿಗಳು ಅಟ್ಟಿದ ಮೂಸು ನೆಂಟರ ಮನೆಗೆ ಬರುವ ಹಾಗೆ ನೇರ ಅಲ್ಲಿಗೇ ಬರುತ್ತದೆ. ಮೊದಲು ವಿಲ್ಯೊನ ಅಪ್ಪ ಕೂರುತ್ತಿದ್ದ, ಈಗ ವಿಲ್ಯೊ. ಒಂದು ವರ್ಷ ಖಾಲಿ ಬಿಟ್ಟರೆ ಇನ್ನೊಬ್ಬರ ಪಾಲು. ನಮ್ಮೂರಲ್ಲಿ ಮುನಿಸಿಕೊಂಡು ಹೋದ ಹೆಂಡತಿ ವಾಪಸು ಬಂದದ್ದುಂಟು, ಹೋದ ಹೊಂಚು ಬಂದದ್ದಿಲ್ಲ.

"ಕನ್ನಡಕ ಹಾಕ್ಕೊಂಡ್ರೆ ಮೊಳೆ ಕಾಣತ್ತೆ, ಮೂಸು ಕಾಣಲ್ಲ. ತೆಗೆದ್ರೆ ಮೂಸು ಕಾಣತ್ತೆ, ಮೊಳೆ ಕಾಣಲ್ಲ. ಏನ್ ಮಾಡ್ಲಿ ಹೇಳು," ಎಂದು ವಿಲ್ಯೊ ಹೆಂಡತಿಯ ತಮ್ಮ ಓಸ್ಮೊನ ಮುಂದೆ ಗೋಳು ತೋಡಿಕೊಂಡ. ಓಸ್ಮೊ ಯಾರೂ ಕರೆಯದೆ ಕಾಫಿಗೆ ಬಂದು ಎರಡನೇ ಏಲಕ್ಕಿ ಬನ್ನು ಮುಗಿಸುತ್ತಿದ್ದ.

"ವಯಸ್ಸಾಯ್ತಲ್ಲ ಭಾವ. ಬಂದೂಕಿಗೆ ಒಂದು ದುರ್ಬೀನು ಹಾಕಿಸ್ಬಿಡಿ."

"ಯುದ್ಧಕಾಲದ ಬಂದೂಕು ಕಣೋ ಇದು! ದುರ್ಬೀನಿನ ದುಡ್ಡಿಗೆ ಇಂಥವು ಎರಡು ಬರ್ತವೆ."

"ಅಗ್ಗದ್ದೇ ನೋಡೋಣ. ಅರ್ಧ ನಾನು ಹಾಕ್ತೀನಿ."

ಓಸ್ಮೊ ಒಂದೇ ಪುಡಿಯಲ್ಲಿ ಮೂರು ಸಲ ಕಾಫಿ ಬಸಿಯುವ ಆಸಾಮಿ. ತನ್ನ ಬಂದೂಕಿಗೇ ದುರ್ಬೀನು ಹಾಕಿಸದವನು ಭಾವನ ಬಂದೂಕಿಗೆ ದುಡ್ಡು ಬಿಚ್ಚುತ್ತಾನೆ ಅಂದರೆ? ಯಾಕಿರಬಹುದು? ಹಲ್ಲಿನ ಸಂದಿಗೆ ಸಿಕ್ಕ ಮೀನುಮುಳ್ಳಿನ ಹಾಗೆ ಆ ಪ್ರಶ್ನೆ ವಿಲ್ಯೊನನ್ನು ಚುಚ್ಚತೊಡಗಿತು. ಆದರೂ ಸಿಕ್ಕಿದ್ದನ್ನು ಬಿಡುವುದುಂಟೆ? ಬಂದೂಕು ಹೊತ್ತು ಇಬ್ಬರೂ ಹೊರಟರು.

ಬಲೆ, ಗರಗಸ, ಗಾಳಕ್ಕೆ ಎರೆಹುಳು ಎಲ್ಲ ಮಾರುವ ತೈಸ್ತೊನ ಅಂಗಡಿಯಲ್ಲಿ ದುರ್ಬೀನುಗಳೂ ಇದ್ದವು. ತೈಸ್ತೊ ಮೊದಲು ತೆಗೆದದ್ದು ಹಾಲಿನ ಬಾಟಲಿಯಷ್ಟು ದಪ್ಪದ್ದು. ವಿಲ್ಯೊ ಅದನ್ನು ಬರಿಗೈಯಲ್ಲಿ ಹಿಡಿದು ಬಾಗಿಲಾಚೆ ನೋಡಿದ.

"ಏನ್ ಕಾಣ್ತಿದೆ?" ಎಂದ ತೈಸ್ತೊ.

"ಬರೀ ಕಪ್ಪು. ಅದರಲ್ಲಿ ಒಂದು ಗುಂಡಿ."

"ಅದು ನನ್ನ ಅಂಗಿ," ಎಂದರು ಬಾಗಿಲಲ್ಲಿ ನಿಂತಿದ್ದ ಪಾದ್ರಿ. "ಕೊಡಿ, ನಾನೂ ನೋಡ್ತೀನಿ." ನೋಡಿ ಚರ್ಚಿನ ಗಡಿಯಾರ ಹಿಂದಿದೆ ಎಂದು ಕಂಡುಹಿಡಿದರು. ಅಷ್ಟರಲ್ಲಿ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಸಾಲು ನಿಂತರು. ಒಬ್ಬ ತಿರುಗಿಸಿ ಹಿಡಿದು, ತನ್ನ ಹೆಂಡತಿ ಇಷ್ಟು ಸಣ್ಣಗೆ ಎಂದೂ ಕಂಡಿರಲಿಲ್ಲ ಎಂದು ಸಂತೋಷಪಟ್ಟ.

"ಇದನ್ನ ಕೂರಿಸ್ಬೇಕಾದ್ರೆ ಬಂದೂಕಿಗೆ ನಾಲ್ಕು ತೂತು ಕೊರೀಬೇಕು," ಎಂದ ತೈಸ್ತೊ.

"ಅಪ್ಪನ ಬಂದೂಕಿಗೆ ತೂತಾ? ನನ್ನ ತಲೆಗೇ ಕೊರಿ!"

"ಅದೂ ಅಲ್ದೆ," ಎಂದರು ಪಾದ್ರಿ, "ಈ ಬಂದೂಕಿಗೆ ತೋಟಾ ತುಂಬೋದು ಮೇಲಿಂದ. ಉಣ್ಣೋ ಬಾಯಿಗೇ ದುರ್ಬೀನು ಅಡ್ಡ ಕೂತ್ರೆ?"

ಮೂಲೆಯ ಡಬ್ಬಿಯಿಂದ ತೈಸ್ತೊ ಇನ್ನೊಂದು ತೆಗೆದ. ಹೆಬ್ಬೆರಳಿನಷ್ಟು ದಪ್ಪ, ಯಾರೋ ಬಳಸಿ ಬಿಟ್ಟದ್ದು, ಬೆಲೆಯೂ ಕಡಿಮೆ. ತೂತು ಬೇಡ, ನಳಿಗೆಯ ಮೇಲಿನ ಹಳೆಯ ಗುರಿಪಟ್ಟಿ ಬಿಚ್ಚಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಕಣ್ಣಿಂದ ಮೊಳದ ದೂರ ಕೂರುತ್ತದೆ ಅಷ್ಟೆ.

"ಇದೇನು, ಪಕ್ಕದೂರಲ್ಲಿ ಕೂತಿದೆ!" ಎಂದು ಯಾರೋ ನಕ್ಕರು.

ಆದರೆ ವಿಲ್ಯೊ ಬಂದೂಕನ್ನು ಕೆರೆಯಾಚೆಯ ಬಂಡೆಯ ಕಡೆ ಹಿಡಿದು ನೋಡಿದಾಗ ಬಂಡೆಯ ಪಾಚಿ ಕೂಡ ಕಂಡಿತು. ದುರ್ಬೀನಿನೊಳಗೆ ಗುರಿಗೆ ಒಂದೇ ಒಂದು ಕೂಡುಗೆರೆ, ಎರಡಲ್ಲ, ಮೂರಲ್ಲ. ಹುಡುಗನಾಗಿದ್ದಾಗ ಕಂಡ ಹಾಗೆ ಎಲ್ಲ ಸ್ಪಷ್ಟ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಓಸ್ಮೊ ಹೇಳಿದ ಮಾತಿನಂತೆ ಅರ್ಧ ದುಡ್ಡು ಎಣಿಸಿಟ್ಟ, ಚೌಕಾಶಿ ಕೂಡ ಮಾಡಲಿಲ್ಲ. ವಿಲ್ಯೊನ ಮೀನುಮುಳ್ಳು ಇನ್ನಷ್ಟು ಚುಚ್ಚಿತು.

ತೈಸ್ತೊನ ಜತೆ ಹೋಗಿ ಗುಂಡು ಹಾರಿಸಿ ದುರ್ಬೀನು ಸರಿಹೊಂದಿಸಿದ್ದಾಯಿತು. ಸಂಜೆ ಮೈದಾನಕ್ಕೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಸಾಸೇಜು ಸುಡುತ್ತಿದ್ದವರೆಲ್ಲ ಎದ್ದು ಬಂದರು. ಮಾತಿಗೆ ಬಡವರಾದ ನಮ್ಮೂರಿನವರಿಗೆ ಕುತೂಹಲಕ್ಕೇನೂ ಬಡತನವಿಲ್ಲ.

"ಒಂಚೂರು ನೋಡ್ಲಾ?" ಎಂದು ಒಬ್ಬ ಗುರಿ ಹೊಂದಿಸುವ ಮೇಲಿನ ತಿರುಪು ತಿರುಗಿಸಿದ. "ಈ ತಿರುಪು ಯಾಕೆ?" ಎಂದು ಇನ್ನೊಬ್ಬ ಪಕ್ಕದ್ದನ್ನು ತಿರುಗಿಸಿದ. ಪಾದ್ರಿಗಳು ಎರಡನ್ನೂ ತಿರುಗಿಸಿದರು.

ವಿಲ್ಯೊನ ಸರದಿ ಬಂತು. ಮೊದಲ ಗುಂಡು ಹಲಗೆ ಮೂಸಿನ ಕಿವಿಗೆ. ಎರಡನೆಯದು ಬಾಲಕ್ಕೆ.

"ಬಾಲಕ್ಕೆ ಹೊಡೆಯೋದು ಬಲು ಕಷ್ಟ," ಎಂದು ಪಾದ್ರಿ ಸಮಾಧಾನ ಹೇಳಿದರು. "ಇಷ್ಟೇ ಇಷ್ಟಿರತ್ತೆ."

ಬೇಟೆ ತಂಡದ ಮುಖ್ಯಸ್ಥೆ ಮಾರ್ಕೆತ್ತಾ ಹತ್ತಿರ ಬಂದಳು. "ಇನ್ನೊಂದೇ ಅವಕಾಶ, ವಿಲ್ಯೊ. ತಿರುಪಿನ ಮೇಲೆ ಕೈಯಿಟ್ಟೋರು ಎಲ್ರೂ ದೂರ ಹೋಗಿ!"

ತೈಸ್ತೊ ಬೆವರೊರೆಸಿಕೊಳ್ಳುತ್ತ ದುರ್ಬೀನನ್ನು ಮತ್ತೆ ಸರಿಮಾಡಿದ. ವಿಲ್ಯೊ ಬುಗ್ಗೆಯನ್ನು ನೆನೆದು ಉಸಿರು ಹಿಡಿದ. ನಾಲ್ಕು ಗುಂಡು. ನಾಲ್ಕೂ ಕಾಫಿ ಬಟ್ಟಲಷ್ಟು ಜಾಗದಲ್ಲಿ ಒಟ್ಟೊಟ್ಟಿಗೆ!

"ಪರವಾಗಿಲ್ಲ," ಎಂದಿತು ಜನ. ನಮ್ಮೂರಲ್ಲಿ ಇದು ಹಾರ ತುರಾಯಿಗೆ ಸಮ. ವಿಲ್ಯೊನ ಕಣ್ಣು ಮಂಜಾಯಿತು. ಗೆದ್ದೆ, ಅಪ್ಪನ ಜಾಗ ಉಳಿಯಿತು ಎಂದು ಎದೆ ತುಂಬಿಬಂತು.

ಮಾರ್ಕೆತ್ತಾ ನಕ್ಷೆ ಹರಡಿ ಹೊಂಚು ಹಂಚತೊಡಗಿದಳು.

"ವಿಲ್ಯೊ, ಇಂಥ ಗುರಿ ನಮ್ಮಲ್ಲಿ ಇನ್ಯಾರಿಗೂ ಇಲ್ಲ. ನಿನ್ನನ್ನ ಬುಗ್ಗೆ ಹತ್ರ ಕೂರಿಸೋದು ಅನ್ಯಾಯ."

"ಆಂ?"

"ಅಲ್ಲಿ ಹತ್ತು ಮಾರಿನಾಚೆ ಏನೂ ಕಾಣಲ್ಲ. ದುರ್ಬೀನು ಇಟ್ಕೊಂಡು ಏನ್ ಮಾಡ್ತೀಯ? ನೀನು ಕರೆಂಟ್ ತಂತಿ ಬಯಲಿಗೆ ಹೋಗು. ಅಲ್ಲಿ ಕಣ್ಣು ಹರಿಯೋವರೆಗೂ ಕಾಣತ್ತೆ."

"ಅಲ್ಲಿ ಮೂಸೇ ಬರಲ್ವಲ್ಲ ಮಾರ್ಕೆತ್ತಕ್ಕ! ಬರೀ ಗಾಳಿ, ಹಿಮ!"

"ಬಂದ್ರೆ ದೂರದಲ್ಲಿ ಬರತ್ತೆ. ದೂರದ್ದು ನಿನಗೊಬ್ಬನಿಗೇ ಕಾಣೋದು."

"ದುರ್ಬೀನು ಬಿಚ್ಚಿ ಬಿಸಾಕ್ತೀನಿ!"

"ಬಿಚ್ಚಿದ್ರೆ ಮತ್ತೆ ಪರೀಕ್ಷೆ ಕೊಡ್ಬೇಕು. ಈ ವರ್ಷದ್ದು ಮುಗೀತು." ಅವಳು ನಕ್ಷೆಯ ಮೇಲೆ ಬೆರಳಿಟ್ಟಳು. "ಬುಗ್ಗೆ ಹೊಂಚಿಗೆ ದುರ್ಬೀನು ಇಲ್ದೋರು ಬೇಕು. ಬಯಲಿಗೆ ನೀನು ಹೋದ್ಮೇಲೆ ಜಾಗ ಇಲ್ದೋನು ಒಬ್ನೇ. ಓಸ್ಮೊ, ಪಾಪ ನೀನು ಆ ಬಯಲಲ್ಲಿ ಎಷ್ಟು ವರ್ಷ ನಡುಗಿದೆ, ಬುಗ್ಗೆ ಹತ್ರ ನೀನೇ ಕೂತ್ಕೋ."

ವಿಲ್ಯೊನ ಮೀನುಮುಳ್ಳು ಥಟ್ಟನೆ ಕಳಚಿತು. ಅವನು ಬಾಯಿ ತೆರೆದು ಭಾವಮೈದುನನ ಕಡೆ ತಿರುಗಿದ. ಓಸ್ಮೊ ಆಗಲೇ ಪಕ್ಕಕ್ಕೆ ಬಂದು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟಿದ್ದ.

"ಬಯಲಲ್ಲಿ ಗಾಳಿ ಜಾಸ್ತಿ ಭಾವ. ಕಿವಿ ಮುಚ್ಚೋ ಟೋಪಿ ನಾಳೆನೇ ತಂದ್ಕೊಡ್ತೀನಿ. ಅದಕ್ಕೆ ದುಡ್ಡೇನೂ ಬೇಡ."