ಕಾಡುಪ್ರಾಣಿಯಾದ ಕಂದು ಎತ್ತು

ನಾಮೊರು ರಾಷ್ಟ್ರೀಯ ಉದ್ಯಾನದ ಗಡಿಕಲ್ಲಿನೊಳಗೆ ನಾಲ್ಕು ಕಾಲಿನ ಮೇಲೆ ನಿಂತಿರುವುದೆಲ್ಲವೂ ಕಾಡುಪ್ರಾಣಿ ಎಂದು ನಿಯಮಾವಳಿಯ ಏಳನೆಯ ಕಲಮು ಹೇಳುತ್ತದೆ. ವಾರ್ಡನ್ ಸಾಹೇಬರ ಕುರ್ಚಿಯ ವಿಷಯದಲ್ಲಿ ಸ್ಪಷ್ಟೀಕರಣ ಇನ್ನೂ ಬಂದಿಲ್ಲ.

ಜೂನ್ ತಿಂಗಳಲ್ಲಿ ಅಪಾಲೊಂಗೊರ್ ಅಜ್ಜನ ಎತ್ತು ಮೇಯುತ್ತ ಮೇಯುತ್ತ ಆ ಕಲ್ಲು ದಾಟಿತು. ನಾನು ಗೇಟಿನ ಗುಮಾಸ್ತ, ದಾಟಿದ ಹೊತ್ತು ಬರೆದುಕೊಂಡವನು ನಾನೇ. ನಮ್ಮ ಕರಮೊಜಾ ಸೀಮೆಯಲ್ಲಿ ಗಂಡಸಿಗೆ ಹೆಸರು ಬರುವುದು ಅವನ ಮುದ್ದಿನ ಎತ್ತಿನಿಂದ. ಅಪಾಲೊಂಗೊರ್ ಎಂದರೆ ಕಂದು ಎತ್ತಿನ ಅಪ್ಪ. ಅದರ ಕೊಂಬನ್ನು ಚೆಂದಕ್ಕೆ ಬಾಗಿಸಿದವನು ಅವನು, ಅದರ ಮೇಲೆ ಹಾಡು ಕಟ್ಟಿದವನೂ ಅವನೇ. ಹೆಂಡತಿಯ ಮೇಲೆ ಈವರೆಗೆ ಒಂದು ಸಾಲೂ ಕಟ್ಟಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ತನ್ನ ಪುಟ್ಟ ಮರದ ಮಣೆ ಹಿಡಿದುಕೊಂಡು ಕಚೇರಿಗೆ ಬಂದ.

"ಸಾಹೇಬ್ರೇ, ನನ್ನ ಎತ್ತು ಒಳಗೆ ಬಂದ್ಬಿಟ್ಟಿದೆ. ಹೊಡ್ಕೊಂಡು ಹೋಗ್ತೀನಿ."

ವಾರ್ಡನ್ ಕಟುರೇಬೆ ರಿಜಿಸ್ಟರ್ ತಿರುವಿದರು. "ಇಲ್ಲಿ ಎತ್ತು ಅಂತ ಏನೂ ಇಲ್ವಲ್ಲ ಅಜ್ಜ. ಒಂದು ಕಂದು ಪ್ರಾಣಿ ದಾಖಲಾಗಿದೆ. ದೊಡ್ಡ ಕೊಂಬು, ಸಾಧು ಸ್ವಭಾವ. ಇಡೀ ಉದ್ಯಾನದಲ್ಲಿ ಅದರ ಜಾತಿಯದು ಒಂದೇ ಒಂದು."

"ಅದೇ ನನ್ನ ಎತ್ತು."

"ಕಾಡುಪ್ರಾಣಿ ಸಾಕಿದ್ದೆ ಅಂತೀಯ? ಈ ಮಾತು ಇನ್ನೊಬ್ಬರ ಮುಂದೆ ಆಡ್ಬೇಡ. ಜೈಲಿಗೆ ಹಾಕ್ತಾರೆ."

ಅಜ್ಜ ನನ್ನತ್ತ ತಿರುಗಿದ. "ನೀನಾದ್ರೂ ಹೇಳು ಮಗಾ. ನಿನ್ನ ಮದುವೇಲಿ ಅದರ ಹಾಡಿಗೇ ಕುಣಿದ್ಯಲ್ಲ."

ಕುಣಿದದ್ದು ನಿಜ. ಆದರೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಗುರುತು ಸಿಗ್ತಿಲ್ಲ ಅಜ್ಜ" ಎಂದೆ.

ಅವತ್ತು ಸಂಜೆ ನಾಲ್ಕಕ್ಕೆ ಅಜ್ಜ ಗಡಿಕಲ್ಲಿನ ಆಚೆ ಮಣೆ ಹಾಕಿ ಕೂತು ಹಾಡಿದ. ಎತ್ತು ಓಡಿ ಬಂತು. ಅಪರೂಪದ ಪ್ರಾಣಿ ಕೈತಪ್ಪೀತೆಂದು ಇಬ್ಬರು ಕಾವಲುಗಾರರು ಅದನ್ನು ಕಲ್ಲಿನ ಈಚೆಯೇ ತಡೆದು ನಿಲ್ಲಿಸಿದರು. ಮೂರು ದಿನದಿಂದ ಸಿಂಹ ಕಾಣದೆ ಬೇಸತ್ತಿದ್ದ ಪ್ರವಾಸಿಗರು ಫೋಟೋ ತೆಗೆದದ್ದೇ ತೆಗೆದದ್ದು. ವಾರದೊಳಗೆ ಪ್ರಕಟಣೆ ಹೊರಬಿತ್ತು:

"ಪ್ರತಿದಿನ ಸಂಜೆ ನಾಲ್ಕಕ್ಕೆ ವನ್ಯಜೀವಿ ಮತ್ತು ಸಂಸ್ಕೃತಿ ಒಂದೇ ಸ್ಥಳದಲ್ಲಿ ಲಭ್ಯ. ಸಂಸ್ಕೃತಿಯು ವನ್ಯಜೀವಿಯನ್ನು ಮುಟ್ಟತಕ್ಕದ್ದಲ್ಲ. ಸಂಸ್ಕೃತಿಯು ಪ್ಲಾಸ್ಟಿಕ್ ಬೂಟು ಧರಿಸತಕ್ಕದ್ದಲ್ಲ."

ಅಜ್ಜ ಬೂಟು ಕಳಚಿಟ್ಟ. "ಮುಟ್ಟದಿದ್ರೂ ದಿನಾ ನೋಡ್ಬಹುದಲ್ಲ" ಎಂದ.

ಎರಡು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ವೇಳಾಪಟ್ಟಿ ಒಂದು ಸಿಂಹಕ್ಕೂ ತಿಳಿಯಿತು. ಹಾಡು ಅರ್ಧಕ್ಕೆ ಬಂದಾಗ ಅದು ಹುಲ್ಲಿನಿಂದೆದ್ದು ಎತ್ತಿನ ಕತ್ತು ಹಿಡಿಯಿತು. ದೊಣ್ಣೆ ಎತ್ತಿ ನುಗ್ಗಿದ ಅಜ್ಜನನ್ನು ಕಾವಲುಗಾರರು, ಪ್ರಕೃತಿಯ ಕೆಲಸಕ್ಕೆ ಅಡ್ಡಿ ಮಾಡಬಾರದೆಂದು, ಬಿಗಿಯಾಗಿ ಹಿಡಿದುಕೊಂಡರು. ಪ್ರವಾಸಿಗರು ಚಪ್ಪಾಳೆ ತಟ್ಟಿದರು.

"ನನ್ನ ಎತ್ತು ಹೋಯ್ತು ಸಾಹೇಬ್ರೇ" ಎಂದ ಅಜ್ಜ.

"ಕಾಡುಪ್ರಾಣಿ ಕಾಡುಪ್ರಾಣಿಯನ್ನ ತಿಂದಿದೆ. ಅದರಲ್ಲಿ ನಿಂದೇನು ಹೋಯ್ತು? ನಾಳೆ ನಾಲ್ಕಕ್ಕೆ ಬಂದ್ಬಿಡು, ಟಿಕೆಟ್ ಕೊಟ್ಟಾಗಿದೆ."

ಅವತ್ತು ನನಗೆ ನಾಚಿಕೆಯಾಯಿತು. ಮರುದಿನ ನೌಕರಿ ಕಾಯಂ ಆದ ಆದೇಶ ಬಂದ ಮೇಲೆ ಸ್ವಲ್ಪ ಕಡಿಮೆಯಾಯಿತು.

ನಾಲ್ಕಕ್ಕೆ ಅಜ್ಜ ಬಂದ, ಖಾಲಿ ಹುಲ್ಲುಗಾವಲಿನ ಕಡೆ ಮುಖ ಮಾಡಿ ಹಾಡಿದ. ಸಿಂಹ ಬಂದು ನಿಂತಿತು. ವಾರ್ಡನ್ ಬೆರಗಾದರು. "ಇದು ಹೆಂಗೆ ಬಂತು?"

"ನನ್ನ ಎತ್ತು ಅದರ ಹೊಟ್ಟೇಲಿದೆ. ನಾನು ಕರೆದ್ರೆ ಬರ್ದೆ ಇರುತ್ತಾ?"

ಈ ಹೇಳಿಕೆಯನ್ನು ಸಂಸ್ಕೃತಿ ವಿಭಾಗದ ಕಡತಕ್ಕೆ ಸೇರಿಸಲಾಯಿತು. ಹೊಸ ಬೋರ್ಡು ಬಂತು: ಸಿಂಹ ಕರೆಯುವ ಪ್ರಾಚೀನ ಹಾಡು. ನಮ್ಮ ಹಿರಿಯರು ಹಿಂದಿನಿಂದಲೂ ಹೀಗೆಯೇ ಕರೆಯುತ್ತಿದ್ದರೆಂದು ಊರವರೂ ಈಗ ಹೇಳುತ್ತಾರೆ.

ಅಜ್ಜ ದಿನಾ ಬರುತ್ತಾನೆ, ಬರಿಗಾಲಲ್ಲಿ. ಹಾಡನ್ನು ಪ್ರವಾಸಿಗರಿಗೆ ಅನುವಾದಿಸಿ ಹೇಳುವುದು ನನ್ನ ಕೆಲಸ. "ಬಾಗಿದ ಕೊಂಬಿನ ನನ್ನ ಕಂದಾ" ಎಂಬ ಸಾಲು ಬಂದಾಗ ಅವರು ಸಿಂಹದ ತಲೆಯನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಈವರೆಗೆ ಯಾರೂ ದೂರು ಕೊಟ್ಟಿಲ್ಲ.