ಹೆಣ್ಣು ನೋಡಲು ಬಂದವರು ಗ್ಯಾಲಕ್ಸಿ ನೋಡಿದ್ದು

“ನಿನ್ನ ಕೆಲಸ ಏನಮ್ಮಾ?” ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ಕಂಪ್ಯೂಟರಿನೊಳಗೆ ಪುಟ್ಟದೊಂದು ಬ್ರಹ್ಮಾಂಡ ಬೆಳೆಸಿ, ಅದರಲ್ಲಿ ಹುಟ್ಟುವ ಗ್ಯಾಲಕ್ಸಿಗಳು, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳು, ಅಕ್ಕಪಕ್ಕದವುಗಳತ್ತ ವಾಲಿವೆಯೇ ಎಂದು ನೋಡುವುದು ನನ್ನ ಸಂಶೋಧನೆ. ಒಮ್ಮೆ ಇದನ್ನು ಅಮ್ಮನಿಗೆ ವಿವರಿಸಿದ್ದಕ್ಕೆ ಅವಳು, “ನಮ್ ಹುಡುಗಿ ಜಾತಕದಲ್ಲಿ ಡಾಕ್ಟ್ರು ಮಾಡ್ತಾವ್ಳೆ” ಎಂದು ನಮ್ಮೂರು ಆಲೂರಿಗೆಲ್ಲ ಸಾರಿದಳು. ಆ ರಜೆ ಪೂರ್ತಿ ಜನ ಮಗುವಿಗೆ ಹೆಸರಿಡಲು ಅಕ್ಷರ ಕೇಳಿಕೊಂಡು ಬಂದರು.

ಮನೆಗಳಿಗೆ ಇಂಟರ್ನೆಟ್ ಬಾರದ ಕಾಲ. ಮುಂದಿನ ರಜೆಯಲ್ಲಿ ಸಕಲೇಶಪುರದಿಂದ ತಾಯಿ ಮಗ ನನ್ನನ್ನು ನೋಡಲು ಬಂದರು. ಅದೇ ದಿನ ಬೆಂಗಳೂರಿನ ಗೆಳತಿ ನಮ್ಮ ಲೆಕ್ಕದ ಫಲಿತಾಂಶವನ್ನು ಇ-ಮೇಲ್ ಮಾಡುವವಳಿದ್ದಳು. ಸಂಜೆಯೊಳಗೆ ನಾನು ನೋಡಿ ಒಪ್ಪದಿದ್ದರೆ, ವರ್ಷಗಟ್ಟಲೆ ದುಡಿದ ಲೇಖನ ಸಮ್ಮೇಳನಕ್ಕೆ ಹೋಗುವಂತಿರಲಿಲ್ಲ. ಹಿಂದಿನ ಸಲಗಳಲ್ಲೆಲ್ಲ ಗ್ಯಾಲಕ್ಸಿಗಳು ಚೆಲ್ಲಿದ ಕಡಲೆಪುರಿಯಂತೆ ದಿಕ್ಕಿಗೊಂದು ಮುಖ ಮಾಡಿದ್ದವು. ಆಲೂರಿನಲ್ಲೋ ಬೆಳಗ್ಗೆಯಿಂದ ಕರೆಂಟಿಲ್ಲ. ಕಾಫಿ ಕೊಡುವಾಗಲೂ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು.

“ಯಾಕವ್ವ, ನಾವು ಬೇಗ ಎದ್ದೋಗ್ಲಿ ಅಂತಾನಾ?” ಎಂದರು ಹುಡುಗನ ತಾಯಿ.

ಇದ್ದದ್ದನ್ನು ಹೇಳಿಬಿಟ್ಟೆ. ಅಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು. ಆಕೆ ಮಾತ್ರ ಲೋಟ ಕೆಳಗಿಟ್ಟು, “ನಮ್ಮೂರಲ್ಲಿ ಕರೆಂಟ್ ಐತೆ ಕಣವ್ವ. ಏಳು, ಜೀಪ್ ಹೊರಗೇ ನಿಂತೈತೆ” ಎಂದರು.

ಸಕಲೇಶಪುರದ ಬ್ರೌಸಿಂಗ್ ಸೆಂಟರಿನಲ್ಲಿ ನನ್ನ ಕುರ್ಚಿಯ ಹಿಂದೆ ಎರಡೂ ಕಡೆಯವರು ಒತ್ತಿಕೊಂಡು ನಿಂತರು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊಟ್ಟೆಯಾಕಾರದ ಚುಕ್ಕಿಗಳು.

“ಇವನ್ನ ನೀನೇ ಜೋಡ್ಸಿದ್ದಾ?” ಎಂದರು ಹುಡುಗನ ತಾಯಿ.

“ಇಲ್ಲಮ್ಮ. ಗುರುತ್ವಾಕರ್ಷಣೆ ಒಂದನ್ನ ಕೊಟ್ಟು ಬಿಟ್ಬಿಡ್ತೀವಿ. ಅವೇ ತಿರುಗ್ಬೇಕು.”

“ಎಲ್ಲಿ ತಿರುಗವೆ? ಎಲ್ಲಾ ವಾರೆ ಅವೆ!”

ಕೆಳಗಿದ್ದ ಅಂಕಿಗಳೂ ತೆರೆದುಕೊಂಡವು. ವಾಲಿದ್ದು ಅತಿ ಸ್ವಲ್ಪ. ಆದರೆ ನಿಜವಾಗಿಯೂ ವಾಲಿದ್ದವು, ಆಕಸ್ಮಿಕವಲ್ಲ. “ಇಷ್ಟು ಸಾಕಮ್ಮ” ಎಂದೆ. ಒಪ್ಪಿಗೆ ಕಳಿಸಿದೆ. ಕಣ್ಣೊರೆಸಿಕೊಳ್ಳುವುದನ್ನು ಕಂಡು ಆಕೆ ಗಾಬರಿಯಾಗಿ ಬೆನ್ನು ತಟ್ಟಿದರು: “ಅಳ್ಬ್ಯಾಡ, ನಾನು ಸುಮ್ನಂದೆ. ಚೆಂದಾಗೇ ಅವೆ.”

ಬಸ್ಸಿನಲ್ಲಿ ವಾಪಸಾಗುವಾಗ, ಬಾಳ್ಳುಪೇಟೆ ದಾಟಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: “ಹುಡುಗ ಹೆಂಗವ್ನೆ?”

ಎಷ್ಟು ಯೋಚಿಸಿದರೂ ಜೀಪು ಓಡಿಸುತ್ತಿದ್ದ ಒಂದು ಬೆನ್ನು ಮಾತ್ರ ನೆನಪಾಯಿತು. “ಅತ್ತೆ ಒಳ್ಳೇವ್ರು” ಎಂದೆ.

ಅಮ್ಮನ ಬೈಗುಳ ಆಲೂರು ಬರುವವರೆಗೂ ಮುಗಿಯಲಿಲ್ಲ. ಮುಂದಿನ ವಾರ ನಾವೇ ಅವರ ಮನೆಗೆ ಹೋಗಿ, ಎದುರಿಗೆ ಕೂತು ಗಂಡು ನೋಡಿ ಬಂದೆವು. ಪರವಾಗಿಲ್ಲ, ಮುಖವೂ ಚೆನ್ನಾಗಿತ್ತು.